ಕಪ್ಪು ಪುಡಿಯೊಳಗೆ ಅಡಗಿರುವ ಆಮ್ಲಜನಕ

ಪ್ರಶ್ನೆ: ನಾನು ಮಂಗಳೂರಿನಲ್ಲಿ ರಸಾಯನಶಾಸ್ತ್ರದ ಸಂಶೋಧನಾ ವಿದ್ಯಾರ್ಥಿನಿ. ವಿದ್ಯುದಾವೇಶವನ್ನು ಕೂಡಿಟ್ಟು ಬೇಗ ಬಿಡುವ ಸಾಧನವಾದ ಸೂಪರ್‌ಕೆಪಾಸಿಟರ್‌ಗೆ ಬೇಕಾದ ಟೈಟಾನಿಯಂ ನೈಟ್ರೈಡ್ ನ್ಯಾನೊಪುಡಿಯನ್ನು ತಯಾರಿಸುತ್ತಿದ್ದೇನೆ. ಟೈಟಾನಿಯಂ ಡೈಆಕ್ಸೈಡ್‌ನ 2 ಗ್ರಾಂ ನ್ಯಾನೊಪುಡಿಯನ್ನು ದೋಣಿಯಾಕಾರದ ಅಲ್ಯುಮಿನಾ ಬೋಟಿನಲ್ಲಿ ತುಂಬಿ, ಟ್ಯೂಬ್ ಕುಲುಮೆಯಲ್ಲಿ ಅಮೋನಿಯಾ ಹರಿಸುತ್ತ 800 ಡಿಗ್ರಿಯಲ್ಲಿ 3 ಗಂಟೆ ಕಾಯಿಸಿದೆ. ಎಕ್ಸ್‌ಕಿರಣದಿಂದ ಹರಳಿನ ವಿನ್ಯಾಸ ತಿಳಿಸುವ ಎಕ್ಸ್‌ಆರ್‌ಡಿಯಲ್ಲಿ ನೈಟ್ರೈಡ್‌ನ ಎಲ್ಲ ಶಿಖರಗಳೂ ಬಂದಿವೆ, ಆದರೆ 42.6 ಡಿಗ್ರಿಯಲ್ಲಿ ಇರಬೇಕಾದದ್ದು 42.9ರಲ್ಲಿದೆ, 61.8ರದ್ದು 62.3ರಲ್ಲಿದೆ. ಶಿಖರದ ಅಗಲದಿಂದ ಲೆಕ್ಕ ಹಾಕಿದರೆ ಗಾತ್ರ 14 ನ್ಯಾನೊಮೀಟರ್. ಧಾತುಗಳ ಪ್ರಮಾಣ ತೋರಿಸುವ ಇಡಿಎಸ್ ಪ್ರಕಾರ ಟೈಟಾನಿಯಂ ಮತ್ತು ಸಾರಜನಕ ಸರಿಸುಮಾರು ಸಮಸಮ. ಕಾಯಿಸುತ್ತ ತೂಕದ ಬದಲಾವಣೆ ಅಳೆಯುವ ಟಿಜಿಎಯಲ್ಲಿ ಗಾಳಿಯಲ್ಲಿ ಸುಟ್ಟಾಗ 10.0 ಮಿಲಿಗ್ರಾಂ ಪುಡಿ ಮೊದಲು 9.6ಕ್ಕೆ ಇಳಿದು, ಕೊನೆಗೆ 12.1ಕ್ಕೆ ಏರಿತು. ನಮ್ಮ ಮಾರ್ಗದರ್ಶಕರು ‘ಏರಿಕೆ 29 ಶೇಕಡಾ ಇರಬೇಕಿತ್ತು, 21 ಮಾತ್ರ ಬಂದಿದೆ, ಇದು ನೈಟ್ರೈಡ್ ಅಲ್ಲ’ ಎನ್ನುತ್ತಾರೆ. ಪುಡಿಯ ಬಣ್ಣವೂ ಚಿನ್ನದಂತಿಲ್ಲ, ಅಪ್ಪಟ ಕಪ್ಪು. ಇನ್ನೊಂದು ವಿಷಯ: ಕುಲುಮೆ 90 ಡಿಗ್ರಿಗೆ ಇಳಿದಾಗ ಕೊಳವೆ ತೆರೆದೆ, ಬೋಟಿನ ಒಂದು ತುದಿಯಲ್ಲಿ ಪುಡಿ ಕೆಂಡದ ಹಾಗೆ ಹೊಳೆದು ಆರಿತು. ನಾನು ತಯಾರಿಸಿರುವುದು ಏನು?

ಉತ್ತರ: ನೀವು ತಯಾರಿಸಿರುವುದು ಟೈಟಾನಿಯಂ ಆಕ್ಸಿನೈಟ್ರೈಡ್, ಅಂದರೆ ಸಾರಜನಕದ ಜಾಗಗಳಲ್ಲಿ ಒಂದು ಪಾಲನ್ನು ಆಮ್ಲಜನಕ ಆಕ್ರಮಿಸಿಕೊಂಡಿರುವ ನೈಟ್ರೈಡ್. ನಿಮ್ಮ ಮಾರ್ಗದರ್ಶಕರ ಅನುಮಾನ ಸರಿ, ಅದಕ್ಕೆ ಅವರು ಕೊಟ್ಟ ಕಾರಣ ಸರಿಯಲ್ಲ. ಈ ವ್ಯತ್ಯಾಸವನ್ನು ಬಿಡಿಸಿ ಹೇಳಲೇಬೇಕು. ಏಕೆಂದರೆ ನೈಟ್ರೈಡ್ ನ್ಯಾನೊಪುಡಿಯ ಕೆಲಸವೆಲ್ಲ ಕೊನೆಗೆ ಆಮ್ಲಜನಕದ ಲೆಕ್ಕ ಇಡುವ ಕೆಲಸವೇ. ‘ನೈಟ್ರೈಡ್ ಆಯಿತೇ ಇಲ್ಲವೇ’ ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ. ‘ಆಮ್ಲಜನಕ ಎಷ್ಟಿದೆ, ಎಲ್ಲಿದೆ, ಯಾವಾಗ ಒಳಗೆ ಬಂತು’ ಎಂದು ಕೇಳಬೇಕು. ಅದು ಮೂರು ಬಾಗಿಲುಗಳಿಂದ ಬರುತ್ತದೆ. ಮೊದಲ ಡೈಆಕ್ಸೈಡಿನಿಂದ ಪೂರ್ತಿ ಹೊರಹೋಗದೆ ಉಳಿದದ್ದು ಒಂದು, ಕೊಳವೆ ತೆರೆದ ಗಳಿಗೆಯಲ್ಲಿ ನುಗ್ಗಿದ್ದು ಇನ್ನೊಂದು, ಆಮೇಲೆ ಬಾಟಲಿಯಲ್ಲಿ ಕುಳಿತಿರುವಾಗ ನಮ್ಮ ಕರಾವಳಿಯ ತೇವದಿಂದ ಹತ್ತಿದ್ದು ಮತ್ತೊಂದು. ನಿಮ್ಮ ಪುಡಿಯಲ್ಲಿ ಮೂರೂ ನಡೆದಿವೆ.

ಬಣ್ಣದ ಚಿಂತೆಯನ್ನು ಮೊದಲು ಬಿಟ್ಟುಬಿಡಿ. ಚಿನ್ನದ ಬಣ್ಣ ದೊಡ್ಡ ಹರಳಿನದು, ಡ್ರಿಲ್ ಬಿಟ್ಟಿನ ಮೇಲಿನ ನಯವಾದ ಲೇಪನದ್ದು. ಅಲ್ಲಿ ಸಮತಟ್ಟಾದ ಮೇಲ್ಮೈ ಕೆಂಪು ಹಳದಿ ಬೆಳಕನ್ನು ಹಿಂದಕ್ಕೆ ಕಳುಹಿಸಿ ನೀಲಿಯನ್ನು ನುಂಗುತ್ತದೆ. ಹದಿನಾಲ್ಕು ನ್ಯಾನೊಮೀಟರಿನ ಕಣಗಳ ರಾಶಿಯಲ್ಲಿ ಅಂಥ ಮೇಲ್ಮೈಯೇ ಇಲ್ಲ. ಒಳಹೊಕ್ಕ ಬೆಳಕು ಕಣದಿಂದ ಕಣಕ್ಕೆ ಚದುರುತ್ತ ಕರಗಿಹೋಗುತ್ತದೆ. ಶುದ್ಧ ನೈಟ್ರೈಡ್ ನ್ಯಾನೊಪುಡಿಯೂ ಕಪ್ಪಾಗಿಯೇ ಇರುತ್ತದೆ. ಚಿನ್ನದ ಬಣ್ಣವನ್ನು ನೋಡುವ ಆಸೆಯಿದ್ದರೆ ಉಲ್ಕೆಯೊಳಗೆ ನೋಡಬೇಕು. 1852ರಲ್ಲಿ ಈಗಿನ ಉತ್ತರ ಪ್ರದೇಶದ ಬಸ್ತಿಯಲ್ಲಿ ಬಿದ್ದ ಉಲ್ಕಾಶಿಲೆಯಲ್ಲಿ ಚಿನ್ನದ ಬಣ್ಣದ ಪುಟ್ಟ ಹರಳುಗಳು ಸಿಕ್ಕಿದವು. ಅವು ಟೈಟಾನಿಯಂ ನೈಟ್ರೈಡ್, ಖನಿಜವಾಗಿ ಅದರ ಹೆಸರು ಆಸ್ಬರ್ನೈಟ್. ಈ ವಸ್ತುವನ್ನು ನಿಸರ್ಗದಲ್ಲಿ ಮೊದಲು ಗುರುತಿಸಿದ್ದು ನಮ್ಮ ದೇಶದ ನೆಲಕ್ಕೆ ಬಿದ್ದ ಕಲ್ಲಿನಲ್ಲಿ ಎಂಬುದು ನನಗೆ ಇಂದಿಗೂ ಸಂತೋಷ ಕೊಡುವ ಸಂಗತಿ.

ಇನ್ನು ಎಕ್ಸ್‌ಆರ್‌ಡಿ. ಟೈಟಾನಿಯಂ ನೈಟ್ರೈಡ್, ಟೈಟಾನಿಯಂ ಮಾನಾಕ್ಸೈಡ್, ಟೈಟಾನಿಯಂ ಕಾರ್ಬೈಡ್ ಮೂರರ ಹರಳಿನ ವಿನ್ಯಾಸವೂ ಅಡುಗೆ ಉಪ್ಪಿನದೇ. ಹಾಗಾಗಿ ಶಿಖರಗಳ ಸಾಲು ಒಂದೇ ತರಹ ಕಾಣುತ್ತದೆ. ತಂತ್ರಾಂಶ ‘ಹೊಂದಿಕೆಯಾಯಿತು’ ಎಂದು ಹಸಿರು ಗೆರೆ ತೋರಿಸಿದ ಮಾತ್ರಕ್ಕೆ ನೈಟ್ರೈಡ್ ಎಂದು ತೀರ್ಮಾನಿಸಬಾರದು. ಗುಟ್ಟು ಇರುವುದು ಶಿಖರಗಳ ಜಾಗದಲ್ಲಿ. ಜಾಲದ, ಅಂದರೆ ಹರಳಿನಲ್ಲಿ ಪರಮಾಣುಗಳು ಜೋಡಿಸಿಕೊಂಡ ಚೌಕಟ್ಟಿನ, ಅಂಚಿನ ಅಳತೆ ನೈಟ್ರೈಡ್‌ನಲ್ಲಿ 4.24 ಆಂಗ್‌ಸ್ಟ್ರಾಂ (ನ್ಯಾನೊಮೀಟರಿನ ಹತ್ತನೇ ಒಂದು ಪಾಲು ಒಂದು ಆಂಗ್‌ಸ್ಟ್ರಾಂ), ಮಾನಾಕ್ಸೈಡ್‌ನಲ್ಲಿ ಸುಮಾರು 4.18, ಕಾರ್ಬೈಡ್‌ನಲ್ಲಿ ಸುಮಾರು 4.33. ಆಮ್ಲಜನಕ ಸೇರಿದಷ್ಟೂ ಜಾಲ ಕುಗ್ಗುತ್ತದೆ, ಶಿಖರಗಳು ಬಲಕ್ಕೆ ಸರಿಯುತ್ತವೆ. ನಿಮ್ಮ 42.9 ಡಿಗ್ರಿಯಿಂದ ಲೆಕ್ಕ ಹಾಕಿದರೆ ಅಂಚು 4.21 ಬರುತ್ತದೆ. ಅದು ನೈಟ್ರೈಡಿಗೂ ಮಾನಾಕ್ಸೈಡಿಗೂ ನಡುವೆ, ಅರ್ಧದಾರಿಯಲ್ಲಿ.

ಹೀಗೆಂದ ಕೂಡಲೇ ಯಾರಾದರೂ ‘ಪುಡಿಯನ್ನು ಹೋಲ್ಡರಿನಲ್ಲಿ ಎತ್ತರಕ್ಕೆ ತುಂಬಿದ್ದೀರಿ, ಅದಕ್ಕೆ ಸರಿದಿದೆ’ ಎಂದು ಆಕ್ಷೇಪ ಎತ್ತಬಹುದು. ನ್ಯಾಯವಾದ ಆಕ್ಷೇಪವೇ. ಮಾದರಿಯ ಮೇಲ್ಮೈ ಸುಮಾರು ಅರ್ಧ ಮಿಲಿಮೀಟರ್ ಎತ್ತರ ನಿಂತರೂ ಇಷ್ಟೇ ಸರಿತ ಬರುತ್ತದೆ. ಆದರೆ ನಿಮ್ಮ ಎರಡನೆಯ ಸಂಖ್ಯೆ ಇಲ್ಲಿ ನಿಮ್ಮ ಪರವಾಗಿ ಸಾಕ್ಷಿ ನುಡಿಯುತ್ತದೆ. ಎತ್ತರದ ತಪ್ಪಾಗಿದ್ದರೆ ಕೋನ ಹೆಚ್ಚಿದಂತೆ ಸರಿತ ಕಡಿಮೆಯಾಗಬೇಕು, 61.8ರ ಶಿಖರ 0.28 ಡಿಗ್ರಿಯಷ್ಟೇ ಸರಿಯಬೇಕಿತ್ತು. ಜಾಲವೇ ಕುಗ್ಗಿದ್ದರೆ ಸರಿತ ಹೆಚ್ಚಬೇಕು, ಸುಮಾರು 0.5 ಆಗಬೇಕು. ನಿಮ್ಮದು 62.3ಕ್ಕೆ ಹೋಗಿದೆ, ಅಂದರೆ 0.5. ಜಾಲ ನಿಜವಾಗಿಯೂ ಕುಗ್ಗಿದೆ. ಹಾಗಿದ್ದರೂ ಮುಂದಿನ ಸಲ ಚಿಟಿಕೆ ಸಿಲಿಕಾನ್ ಪುಡಿ ಬೆರೆಸಿ ಅಳೆಯಿರಿ. ಅದರ ಶಿಖರಗಳು 28.44 ಮತ್ತು 47.30 ಡಿಗ್ರಿಯಲ್ಲಿ ಮೊಳೆ ಹೊಡೆದಂತೆ ನಿಲ್ಲುತ್ತವೆ, ಯಂತ್ರದ ತಪ್ಪು ಮಾದರಿಯ ತಲೆಗೆ ಬರುವುದಿಲ್ಲ.

ಒಂದು ಎಚ್ಚರಿಕೆ. ಜಾಲದ ಅಳತೆ ಸರಿಯಾಗಿ 4.24 ಬಂದರೂ ಕಣ್ಣು ಮುಚ್ಚಿ ನಂಬಬೇಡಿ. ಯೂರಿಯಾದಂಥ ಇಂಗಾಲವಿರುವ ವಸ್ತುವಿನಿಂದ ತಯಾರಿಸಿದ ನೈಟ್ರೈಡಿನಲ್ಲಿ ಇಂಗಾಲ ಜಾಲವನ್ನು ಹಿಗ್ಗಿಸುತ್ತದೆ, ಆಮ್ಲಜನಕ ಕುಗ್ಗಿಸುತ್ತದೆ. ಎರಡೂ ಇದ್ದರೆ ಒಂದನ್ನೊಂದು ಅಳಿಸಿ ಅಳತೆ ಅಚ್ಚುಕಟ್ಟಾಗಿ ನೈಟ್ರೈಡಿನದ್ದೇ ಆಗಿ ಕೂರಬಹುದು. ಸಾರಜನಕದ ಜಾಗ ಖಾಲಿ ಉಳಿದರೂ ಜಾಲ ಕೊಂಚ ಕುಗ್ಗುತ್ತದೆ. ಎಕ್ಸ್‌ಆರ್‌ಡಿ ಸುಳಿವು ಕೊಡುತ್ತದೆ, ತೀರ್ಪು ಕೊಡುವುದಿಲ್ಲ.

ಇಡಿಎಸ್ ಕೊಟ್ಟ ‘ಸಮಸಮ’ವನ್ನು ದಯವಿಟ್ಟು ಪ್ರಬಂಧದಲ್ಲಿ ಹಾಕಬೇಡಿ. ಸಾರಜನಕದ ಎಕ್ಸ್‌ಕಿರಣ 0.392 ಕಿಲೋಎಲೆಕ್ಟ್ರಾನ್‌ವೋಲ್ಟ್‌ನಲ್ಲಿ ಬರುತ್ತದೆ. ಟೈಟಾನಿಯಂನ ಒಂದು ಗೆರೆ 0.395ರಲ್ಲಿದೆ, ಇನ್ನೊಂದು ಪ್ರಬಲ ಗೆರೆ 0.452ರಲ್ಲಿ. ಆ ಉಪಕರಣದ ಕಣ್ಣಿಗೆ ಇವೆಲ್ಲ ಒಂದೇ ಗುಡ್ಡ. ತಂತ್ರಾಂಶ ಆ ಗುಡ್ಡವನ್ನು ತನಗೆ ತೋಚಿದಂತೆ ಪಾಲು ಮಾಡಿ, ಎರಡು ದಶಮಾಂಶದ ಸಂಖ್ಯೆಯನ್ನು ಧೈರ್ಯವಾಗಿ ಮುದ್ರಿಸುತ್ತದೆ. ವನೇಡಿಯಂ ನೈಟ್ರೈಡ್ ಮಾಡುವವರಿಗೆ ಇನ್ನೊಂದು ಬಗೆಯ ತೊಡಕು. ವನೇಡಿಯಂ 0.511ರಲ್ಲಿ, ಆಮ್ಲಜನಕ 0.525ರಲ್ಲಿ ಇರುವುದರಿಂದ ಅಲ್ಲಿ ಆಮ್ಲಜನಕವೇ ಕಾಣೆಯಾಗುತ್ತದೆ, ಇಲ್ಲವೇ ಇಲ್ಲದ್ದು ಕಾಣಿಸುತ್ತದೆ. ಕಬ್ಬಿಣ, ಕ್ಲೋರಿನ್‌ನಂಥ ಕಲ್ಮಶ ಹುಡುಕಲು ಇಡಿಎಸ್ ಒಳ್ಳೆಯದು. ನೈಟ್ರೈಡ್‌ನ ಸೂತ್ರ ಬರೆಯಲು ಅಲ್ಲ.

ಈಗ ಟಿಜಿಎ. ನಿಮ್ಮ ಮಾರ್ಗದರ್ಶಕರ 29 ಶೇಕಡಾ ಎಲ್ಲಿಂದ ಬಂತೆಂದರೆ, 61.87 ಗ್ರಾಂ ಟೈಟಾನಿಯಂ ನೈಟ್ರೈಡ್ ಪೂರ್ತಿ ಸುಟ್ಟರೆ 79.87 ಗ್ರಾಂ ಡೈಆಕ್ಸೈಡ್ ಆಗುತ್ತದೆ, ಏರಿಕೆ 29.1 ಶೇಕಡಾ. ಲೆಕ್ಕ ಸರಿ. ಆದರೆ ಅವರು 10.0ಯಿಂದ 12.1ಕ್ಕೆ ಏರಿಕೆ ನೋಡಿದರು. ನಡುವೆ 9.6ಕ್ಕೆ ಇಳಿದದ್ದನ್ನು ಬಿಟ್ಟರು. ಆ 0.4 ಮಿಲಿಗ್ರಾಂ ಬಹುಮಟ್ಟಿಗೆ ಪುಡಿ ಹೀರಿಕೊಂಡಿದ್ದ ನೀರು, ಸ್ವಲ್ಪ ಅಮೋನಿಯಾವೂ ಇರಬಹುದು. ಮಳೆಗಾಲದ ಮಂಗಳೂರಿನಲ್ಲಿ ಮೇಜಿನ ಮೇಲಿಟ್ಟ ನ್ಯಾನೊಪುಡಿ ನೂರಕ್ಕೆ ನಾಲ್ಕರಷ್ಟು ನೀರು ಹೊರುವುದು ಆಶ್ಚರ್ಯವಲ್ಲ. ಒಣಗಿದ ಪುಡಿಯ ತೂಕವೇ 9.6. ಅಲ್ಲಿಂದ 12.1ಕ್ಕೆ ಏರಿಕೆ 26 ಶೇಕಡಾ. ಕೊರತೆ ಎಂಟರಿಂದ ಮೂರಕ್ಕೆ ಇಳಿಯಿತು.

ಆ ಮೂರನ್ನು ಹೇಗೆ ಓದಬೇಕು? ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಸಾರಜನಕದ ಪರಮಾಣು ತೂಕ 14, ಆಮ್ಲಜನಕದ್ದು 16. ಎರಡೂ ಹತ್ತಿರ ಹತ್ತಿರ. ಆದ್ದರಿಂದ ಜಾಲದೊಳಗೆ ಒಂದರ ಬದಲು ಇನ್ನೊಂದು ಕುಳಿತರೆ ಟಿಜಿಎಗೆ ಹೆಚ್ಚು ಗೊತ್ತಾಗುವುದಿಲ್ಲ. ಪೂರ್ತಿ ನೈಟ್ರೈಡ್ ಆದರೆ ಏರಿಕೆ 29.1, ಅರ್ಧ ಅರ್ಧ ಆದರೆ 27, ಪೂರ್ತಿ ಮಾನಾಕ್ಸೈಡ್ ಆದರೂ 25. ನಿಮ್ಮ 26ಕ್ಕೆ ಎರಡು ಅರ್ಥ ಹೊಂದುತ್ತವೆ. ಒಂದು, ಜಾಲದಲ್ಲಿ ಸಾರಜನಕ ಆಮ್ಲಜನಕ ಅರ್ಧ ಅರ್ಧ ಇದ್ದು, ಜೊತೆಗೆ ನೂರಕ್ಕೆ ನಾಲ್ಕರಷ್ಟು ಡೈಆಕ್ಸೈಡ್ ಕಣಗಳ ಮೈಮೇಲೆ ತೊಗಟೆಯಾಗಿದೆ. ಎರಡು, ತೊಗಟೆ ಇಲ್ಲ, ಜಾಲದಲ್ಲಿಯೇ ಮುಕ್ಕಾಲು ಪಾಲು ಆಮ್ಲಜನಕ ಇದೆ. ಎಕ್ಸ್‌ಆರ್‌ಡಿಯ 4.21 ಮೊದಲನೆಯದರ ಕಡೆಗೆ ವಾಲುತ್ತದೆ, ಕೆಂಡ ಹೊಳೆದ ನಿಮ್ಮ ಕಣ್ಣ ಸಾಕ್ಷಿಯೂ ಹಾಗೆಯೇ ಹೇಳುತ್ತದೆ. ಡೈಆಕ್ಸೈಡಿನ ಶಿಖರಗಳು ಎಕ್ಸ್‌ಆರ್‌ಡಿಯಲ್ಲಿ ಕಾಣಲಿಲ್ಲವೆಂದು ಅದು ಇಲ್ಲವೆನ್ನುವಂತಿಲ್ಲ. ಒಂದೆರಡು ಪರಮಾಣು ಪದರದ ಅಸ್ಫಟಿಕ ತೊಗಟೆಗೆ ಶಿಖರವೇ ಇರುವುದಿಲ್ಲ.

ಇದನ್ನು ಬಗೆಹರಿಸಲು ಸಾರಜನಕವನ್ನೇ ನೇರವಾಗಿ ಅಳೆಯಬೇಕು. ಮಾದರಿಯನ್ನು ಸುಟ್ಟು ಇಂಗಾಲ, ಜಲಜನಕ, ಸಾರಜನಕ ಅಳೆಯುವ ಸಿಎಚ್‌ಎನ್ ವಿಶ್ಲೇಷಕ ಸಾಕು, ಆದರೆ ಅದನ್ನು ನಡೆಸುವವರಿಗೆ ಇದು ನೈಟ್ರೈಡ್ ಎಂದು ಮುಂಚೆಯೇ ಹೇಳಿ. ಆ ಯಂತ್ರ ಸಾವಯವ ಪದಾರ್ಥಗಳಿಗೆ ಹೊಂದಿಸಿಟ್ಟದ್ದು. ನೈಟ್ರೈಡ್ ಹಟಮಾರಿ ವಸ್ತು, ಸುಲಭವಾಗಿ ಪೂರ್ತಿ ಉರಿಯುವುದಿಲ್ಲ, ಸಾರಜನಕ ಕಡಿಮೆ ಕಾಣಿಸಿಬಿಡುತ್ತದೆ. ತವರದ ಪುಟ್ಟ ಕ್ಯಾಪ್ಸೂಲಿನಲ್ಲಿ ಮಾದರಿಯ ಜೊತೆ ವನೇಡಿಯಂ ಪೆಂಟಾಕ್ಸೈಡ್ ಬೆರೆಸಿ ಸುಡಲು ಕೇಳಿಕೊಳ್ಳಿ. ಶುದ್ಧ ಟೈಟಾನಿಯಂ ನೈಟ್ರೈಡಿನಲ್ಲಿ ತೂಕದ 22.6 ಶೇಕಡಾ ಸಾರಜನಕ ಇರಬೇಕು. ಒಣ ತೂಕಕ್ಕೆ ಲೆಕ್ಕ ಹಾಕಿ ನಿಮಗೆ 10.7ರ ಆಸುಪಾಸು ಬಂದರೆ ನಾನು ಹೇಳಿದ ಮೊದಲ ಚಿತ್ರ, 5.5ರ ಹತ್ತಿರ ಬಂದರೆ ಎರಡನೆಯದು. ಎರಡರ ನಡುವೆ ದುಪ್ಪಟ್ಟು ಅಂತರ ಇರುವುದರಿಂದ ಅಳತೆಯಲ್ಲಿ ಸ್ವಲ್ಪ ಏರುಪೇರಾದರೂ ತೀರ್ಮಾನ ಕೆಡುವುದಿಲ್ಲ. ಆಮ್ಲಜನಕವನ್ನೂ ನೇರವಾಗಿ ಅಳೆಯುವ ಅವಕಾಶ ಸಿಕ್ಕರೆ, ಅಂದರೆ ಗ್ರ್ಯಾಫೈಟ್ ಮೂಸೆಯಲ್ಲಿ ಜಡ ಅನಿಲದ ನಡುವೆ ಕರಗಿಸಿ ಅಳೆಯುವ ಉಪಕರಣ ಸಿಕ್ಕರೆ, ಬಿಡಬೇಡಿ.

ಎಕ್ಸ್‌ಆರ್‌ಡಿಗೆ, ಎಲೆಕ್ಟ್ರಾನ್ ಸೂಕ್ಷ್ಮದರ್ಶಕವಾದ ಎಸ್‌ಇಎಂಗೆ ಕೊಣಾಜೆ, ಸುರತ್ಕಲ್, ಮಣಿಪಾಲ ಎಲ್ಲ ಕೈಗೆಟುಕುವ ದೂರದಲ್ಲೇ ಇವೆ. ಮೇಲ್ಮೈಯ ಧಾತುಗಳ ಸ್ಥಿತಿ ತಿಳಿಸುವ ಎಕ್ಸ್‌ಪಿಎಸ್‌ಗೆ ಬೆಂಗಳೂರಿಗೆ ಕಳುಹಿಸುವುದಾದರೆ ಏನು ನಿರೀಕ್ಷಿಸಬೇಕೆಂದು ತಿಳಿದು ಕಳುಹಿಸಿ. ಟೈಟಾನಿಯಂನ ಗೆರೆ ನೈಟ್ರೈಡಿನಲ್ಲಿ 455 ಎಲೆಕ್ಟ್ರಾನ್‌ವೋಲ್ಟ್ ಹತ್ತಿರ, ಡೈಆಕ್ಸೈಡಿನಲ್ಲಿ 458.5ರ ಹತ್ತಿರ, ಆಕ್ಸಿನೈಟ್ರೈಡ್ ನಡುವೆ. ಸಾರಜನಕದ್ದು 397ರಲ್ಲಿ. ಆದರೆ ಎಕ್ಸ್‌ಪಿಎಸ್ ನೋಡುವುದು ಮೇಲಿನ 5ರಿಂದ 10 ನ್ಯಾನೊಮೀಟರ್ ಮಾತ್ರ, ಅಲ್ಲಿ ಡೈಆಕ್ಸೈಡ್ ಕಾಣದಿದ್ದರೇ ಆಶ್ಚರ್ಯ. ಗಾಳಿ ಕಂಡ ಎಲ್ಲ ನೈಟ್ರೈಡ್ ಪುಡಿಯ ಮೈಮೇಲೂ ಅದು ಇರುತ್ತದೆ. ಅದನ್ನು ನೋಡಿ ಪುಡಿಯೆಲ್ಲ ಹಾಳಾಯಿತೆಂದು ಕೈಬಿಟ್ಟ ವಿದ್ಯಾರ್ಥಿಗಳನ್ನು ಬಲ್ಲೆ. ಮುಂದೆ ಮಾಲಿಬ್ಡಿನಂ ನೈಟ್ರೈಡಿನ ಕಡೆಗೆ ಹೋಗುವುದಾದರೆ ಇದೊಂದನ್ನು ನೆನಪಿಡಿ: ಮಾಲಿಬ್ಡಿನಂನ ಒಂದು ಗೆರೆ ಸಾರಜನಕದ ಗೆರೆಯ ಮೇಲೆಯೇ ಬಂದು ಕೂರುತ್ತದೆ.

ಗಾತ್ರದ ಬಗ್ಗೆ ಹೆಚ್ಚು ಹೇಳುವುದಿಲ್ಲ. ನೀವು ಲೆಕ್ಕ ಹಾಕಿದ 14 ನ್ಯಾನೊಮೀಟರ್ ಹರಳಿನ ಗಾತ್ರ, ಕಣದ್ದಲ್ಲ. ಹತ್ತು ಹರಳು ಬೆಸೆದು ಒಂದು ಕಣವಾಗಿದ್ದರೂ ಶಿಖರದ ಅಗಲ ಹಾಗೆಯೇ ಇರುತ್ತದೆ. ಮೇಲ್ಮೈಯ ವಿಸ್ತೀರ್ಣ ಅಳೆಯುವ ಬಿಇಟಿ ಮಾಡಿಸಿ. 15 ನ್ಯಾನೊಮೀಟರಿನ ಬಿಡಿ ಬಿಡಿ ಕಣಗಳಾಗಿದ್ದರೆ ಗ್ರಾಮಿಗೆ ಸುಮಾರು 74 ಚದರ ಮೀಟರ್ ಮೇಲ್ಮೈ ಸಿಗಬೇಕು. 25 ಮಾತ್ರ ಸಿಕ್ಕರೆ ಕಣದ ಗಾತ್ರ 44 ನ್ಯಾನೊಮೀಟರ್ ಎಂದರ್ಥ, ಹರಳುಗಳು ಒಂದಕ್ಕೊಂದು ಬೆಸೆದುಕೊಂಡಿವೆ. ಎಲೆಕ್ಟ್ರೋಡಿಗೆ ಈ ಸಂಖ್ಯೆಯೇ ಮುಖ್ಯ.

ಹಾಗಾದರೆ ಆಮ್ಲಜನಕ ಜಾಲದೊಳಗೇ ಏಕೆ ಉಳಿಯಿತು? ನಿಮ್ಮ ಪತ್ರದಲ್ಲಿ ನನ್ನ ಕಣ್ಣು ಸಿಕ್ಕಿಹಾಕಿಕೊಂಡ ಮಾತು ‘2 ಗ್ರಾಂ ಬೋಟಿನಲ್ಲಿ ತುಂಬಿ’ ಎಂಬುದು. ಸಮೀಕರಣ ಬರೆದು ನೋಡಿ. ಡೈಆಕ್ಸೈಡಿನ 6 ಅಣುಗಳಿಗೆ ಅಮೋನಿಯಾದ 8 ಅಣು ಸೇರಿ ನೈಟ್ರೈಡ್ 6, ಸಾರಜನಕ 1, ನೀರು 12 ಆಗುತ್ತವೆ. ಹನ್ನೆರಡು! ತೂಕದಲ್ಲಿ ಹೇಳುವುದಾದರೆ ಒಂದು ಗ್ರಾಂ ಡೈಆಕ್ಸೈಡ್ ನೈಟ್ರೈಡ್ ಆಗುವಾಗ 0.45 ಗ್ರಾಂ ನೀರು ಬಿಡುತ್ತದೆ. ಬೋಟಿನ ತುಂಬ ದಪ್ಪವಾಗಿ ಹಾಸಿದ ಪುಡಿಯ ತಳದಲ್ಲಿ ಈ ಆವಿ ಹೊರಬರಲು ದಾರಿಯಿಲ್ಲದೆ ನಿಲ್ಲುತ್ತದೆ. ಮುಚ್ಚಳ ಹಾಕಿದ ಪಾತ್ರೆಯೊಳಗೆ ಕಡುಬು ಬೇಯುವ ಹಾಗೆ ಪುಡಿ ತನ್ನದೇ ಹಬೆಯಲ್ಲಿ ಬೇಯುತ್ತದೆ. ಹಬೆ ಎರಡು ಕೆಡುಕು ಮಾಡುತ್ತದೆ. ಕ್ರಿಯೆಯನ್ನು ಹಿಂದಕ್ಕೆ ತಳ್ಳಿ ಆಮ್ಲಜನಕವನ್ನು ಜಾಲದಲ್ಲಿಯೇ ಉಳಿಸುತ್ತದೆ, ಜೊತೆಗೆ ಹರಳುಗಳನ್ನು ಬೆಸೆಯುತ್ತದೆ.

ಇದನ್ನು ಚೆನ್ನಾಗಿ ಅರಿತು ಬಳಸಿಕೊಂಡವರು ವೋಲ್ಪೆ ಮತ್ತು ಬೌಡಾರ್ಟ್ ಎಂಬ ಸಂಶೋಧಕರು. 1985ರಲ್ಲಿ ಅವರು ಮಾಲಿಬ್ಡಿನಂ ಟ್ರೈಆಕ್ಸೈಡನ್ನು ಅಮೋನಿಯಾದ ಬಿರುಸಾದ ಹರಿವಿನಲ್ಲಿ, ಉಷ್ಣತೆಯನ್ನು ಬಹಳ ನಿಧಾನವಾಗಿ ಏರಿಸುತ್ತ ನೈಟ್ರೈಡ್ ಮಾಡಿ, ಗ್ರಾಮಿಗೆ 200 ಚದರ ಮೀಟರ್‌ಗಿಂತಲೂ ಹೆಚ್ಚಿನ ಮೇಲ್ಮೈ ಪಡೆದರು. ಆಕ್ಸೈಡಿನ ತಗಡಿನಂಥ ಹರಳುಗಳ ಹೊರ ಆಕಾರ ಹಾಗೆಯೇ ಉಳಿದು ಒಳಗೆಲ್ಲ ಸಣ್ಣ ರಂಧ್ರಗಳಾದವು. ಆಮ್ಲಜನಕ ಹೋಗಿ ಸಾರಜನಕ ಬರುವಾಗ ಘನವಸ್ತು ಕುಗ್ಗುತ್ತದೆ, ಕುಗ್ಗಿದ ಜಾಗವೆಲ್ಲ ರಂಧ್ರ. ಅವಸರ ಮಾಡಿ ಹಬೆ ತುಂಬಿಸಿದ್ದರೆ ಆ ರಂಧ್ರಗಳೆಲ್ಲ ಮುಚ್ಚಿಹೋಗುತ್ತಿದ್ದವು.

ನೀವು ಹೀಗೆ ಮಾಡಿ. ಪುಡಿಯನ್ನು ಅರ್ಧ ಗ್ರಾಮಿಗೆ ಇಳಿಸಿ, ಬೋಟಿನ ಉದ್ದಕ್ಕೂ ಮಿಲಿಮೀಟರಿಗಿಂತ ತೆಳ್ಳಗೆ ಹರಡಿ. ಅಮೋನಿಯಾದ ಹರಿವು ಹೆಚ್ಚಿಸಿ. ನಿಧಾನವಾಗಿ ಹೋಗುವ ಅಮೋನಿಯಾ ಪುಡಿಯನ್ನು ತಲುಪುವ ಮೊದಲೇ ಬಿಸಿ ಗೋಡೆಗೆ ತಾಗಿ ಸಾರಜನಕ, ಜಲಜನಕವಾಗಿ ಒಡೆದುಹೋಗುತ್ತದೆ. ಆ ಮಿಶ್ರಣಕ್ಕೆ ಟೈಟಾನಿಯಂನಿಂದ ಆಮ್ಲಜನಕವನ್ನು ಕೀಳುವ ಬಲ ಸಾಲದು. ಇದೇ ಕಾರಣಕ್ಕೆ ಉಕ್ಕಿನ ಕೊಳವೆಗಿಂತ ಕ್ವಾರ್ಟ್ಸ್ ಅಥವಾ ಅಲ್ಯುಮಿನಾ ಕೊಳವೆ ಮೇಲು, ಬಿಸಿ ಲೋಹ ಅಮೋನಿಯಾವನ್ನು ಬೇಗ ಒಡೆಯುತ್ತದೆ. ಉಷ್ಣತೆಯನ್ನು ನಿಮಿಷಕ್ಕೆ 2 ಡಿಗ್ರಿಯಂತೆ 900ಕ್ಕೆ ಏರಿಸಿ 5 ಗಂಟೆ ಬಿಡಿ. ತಣಿದ ಮೇಲೆ ಅಗೇಟ್ ಖಲ್ವದಲ್ಲಿ ಅರೆದು ಇನ್ನೊಮ್ಮೆ ಅದೇ ಸುತ್ತು ನಡೆಸಿ. ಇನ್ನೂ ಬಿಸಿ ಏರಿಸಿದರೆ ಆಮ್ಲಜನಕ ಮತ್ತಷ್ಟು ಕಡಿಮೆಯಾಗುತ್ತದೆ ನಿಜ, ಆದರೆ ಹರಳು ದಪ್ಪವಾಗುತ್ತದೆ. ಈ ಹಗ್ಗಜಗ್ಗಾಟದಲ್ಲಿ ನಾನಂತೂ ಬಿಸಿಗಿಂತ ಹರಿವು ಮತ್ತು ತೆಳುಹಾಸನ್ನೇ ನಂಬುತ್ತೇನೆ.

ಅನಿಲ ಒಣಗಿರಬೇಕು. ಅಮೋನಿಯಾವನ್ನು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಗುಳಿಗೆಗಳ ಮೂಲಕ ಹಾಯಿಸಿ. ಕ್ಯಾಲ್ಸಿಯಂ ಕ್ಲೋರೈಡ್ ಬೇಡ, ಅದು ಅಮೋನಿಯಾವನ್ನೇ ಹಿಡಿದಿಟ್ಟುಕೊಳ್ಳುತ್ತದೆ. ಗಂಧಕಾಮ್ಲದ ಮಾತು ಹೇಳುವುದೇ ಬೇಡ.

ಅಮೋನಿಯಾ ಸಿಲಿಂಡರ್ ಇಲ್ಲದ ಕಡೆಯವರು ಯೂರಿಯಾ ದಾರಿ ಹಿಡಿಯುತ್ತಾರೆ. ಜರ್ಮನಿಯ ಪಾಟ್ಸ್‌ಡ್ಯಾಮ್‌ನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯಲ್ಲಿ ಜಿಯೊರ್ಡಾನೊ, ಆಂಟೊನಿಯೆಟ್ಟಿ ಮತ್ತು ಸಂಗಡಿಗರು 2008ರ ಹೊತ್ತಿಗೆ ರೂಪಿಸಿದ ವಿಧಾನ. ಲೋಹದ ಕ್ಲೋರೈಡನ್ನು ಎಥನಾಲಿನಲ್ಲಿ ಕರಗಿಸಿ ಯೂರಿಯಾ ಬೆರೆಸಿದರೆ ಜೇನಿನಂಥ ಜೆಲ್ ಆಗುತ್ತದೆ, ಅದನ್ನು ಸಾರಜನಕದಲ್ಲಿ 800 ಡಿಗ್ರಿಗೆ ಕಾಯಿಸುವುದು. ಯೂರಿಯಾ ಕಡಿಮೆಯಿದ್ದರೆ ನೈಟ್ರೈಡ್, ಹೆಚ್ಚಾದರೆ ಕಾರ್ಬೈಡಿನ ಕಡೆಗೆ ಹೋಗುತ್ತದೆ. ಸುಂದರವಾದ ವಿಧಾನ, ಆದರೆ ಉಳಿಯುವ ಇಂಗಾಲದ ಲೆಕ್ಕವನ್ನೂ ಇಡಬೇಕಾಗುತ್ತದೆ. ಗೊಬ್ಬರದ ಅಂಗಡಿಯಿಂದ ಯೂರಿಯಾ ತಂದು ಮಾಡಬಹುದೇ ಎಂದು ಯಾರೋ ಹಿಂದೊಮ್ಮೆ ಕೇಳಿದ್ದರು. ಬೇಡ. 2015ರಿಂದ ದೇಶದಲ್ಲಿ ತಯಾರಾಗುವ ಗೊಬ್ಬರದ ಯೂರಿಯಾಕ್ಕೆಲ್ಲ ಬೇವಿನೆಣ್ಣೆಯ ಲೇಪನ ಕಡ್ಡಾಯ. ಗದ್ದೆಗೆ ಅದು ಒಳ್ಳೆಯದು, ನಿಮ್ಮ ಜೆಲ್ಲಿಗೆ ಕಲ್ಮಶ. ಟೈಟಾನಿಯಂ ಟೆಟ್ರಾಕ್ಲೋರೈಡ್ ಬಾಟಲಿಯನ್ನು ಮಳೆಗಾಲದಲ್ಲಿ ತೆರೆಯಲೂ ಬೇಡಿ. ಗಾಳಿಯ ತೇವ ತಾಗಿದ ಕೂಡಲೇ ದಟ್ಟ ಬಿಳಿ ಹೊಗೆಯೊಂದಿಗೆ ಹೈಡ್ರೋಕ್ಲೋರಿಕ್ ಆಮ್ಲ ಎದ್ದೇಳುತ್ತದೆ. ಗ್ಲೋವ್ ಬಾಕ್ಸ್ ಇಲ್ಲದಿದ್ದರೆ ಡಿಸೆಂಬರ್ ತನಕ ಕಾಯಿರಿ.

ಕೆಂಡದ ವಿಷಯಕ್ಕೆ ಬರುತ್ತೇನೆ, ಇದನ್ನು ಓದುವಾಗ ನನ್ನ ಎದೆ ಜೋರಾಗಿ ಬಡಿದುಕೊಂಡಿತು. ಹೊಸ ನೈಟ್ರೈಡ್ ನ್ಯಾನೊಪುಡಿಯ ಮೈ ಬೆತ್ತಲೆಯಾಗಿರುತ್ತದೆ. ಗಾಳಿ ತಾಗಿದೊಡನೆ ಆಮ್ಲಜನಕ ಅಂಟಿಕೊಳ್ಳುತ್ತದೆ, ಅಂಟುವಾಗ ಬಿಸಿ ಹುಟ್ಟುತ್ತದೆ, ಬಿಸಿ ಪಕ್ಕದ ಕಣವನ್ನು ಹೊತ್ತಿಸುತ್ತದೆ. ಬಹಳ ವರ್ಷಗಳ ಹಿಂದೆ ನಾನು ವನೇಡಿಯಂ ನೈಟ್ರೈಡಿನ ಬೋಟನ್ನು 60 ಡಿಗ್ರಿಯಲ್ಲಿ ಹೊರತೆಗೆದಿದ್ದೆ. ಮೊದಲು ಏನೂ ಆಗಲಿಲ್ಲ. ನಾಲ್ಕೈದು ಸೆಕೆಂಡಿನ ಮೇಲೆ ಒಂದು ಅಂಚಿನಲ್ಲಿ ಕೆಂಪು ಚುಕ್ಕೆ ಎದ್ದಿತು. ಒಣಗಿದ ತೆಂಗಿನ ಸಿಪ್ಪೆಯ ನಾರಿನ ಮೇಲೆ ಕಿಡಿ ಹರಿಯುವಂತೆ ಅದು ಸದ್ದಿಲ್ಲದೆ ಈ ತುದಿಯಿಂದ ಆ ತುದಿಗೆ ಹರಿದು ಹೋಯಿತು. ಹಿಂದೆ ಉಳಿದದ್ದು ಹಳದಿ ಕಂದು ಬಣ್ಣದ ಆಕ್ಸೈಡ್. ಎರಡು ದಿನದ ಕೆಲಸ ಅರ್ಧ ನಿಮಿಷದಲ್ಲಿ ಹೋಯಿತು, ಕೈ ಸುಡಲಿಲ್ಲ ಎಂಬುದು ಅದೃಷ್ಟ.

ಆದ್ದರಿಂದ ಅಮೋನಿಯಾದಲ್ಲಿಯೇ 200 ಡಿಗ್ರಿಯವರೆಗೆ ತಣಿಸಿ, ಅನಂತರ ಸಾರಜನಕಕ್ಕೆ ಬದಲಿಸಿ, ಪೂರ್ತಿ ಕೋಣೆಯ ಉಷ್ಣತೆಗೆ ಬರುವವರೆಗೂ ಕಾಯಿರಿ. ಆಮೇಲೆ ನೂರಕ್ಕೆ ಒಂದಂಶ ಆಮ್ಲಜನಕ ಬೆರೆಸಿದ ಸಾರಜನಕವನ್ನು ಕೆಲವು ಗಂಟೆ ಹರಿಸಿ. ಕಣದ ಮೈಮೇಲೆ ತೆಳುವಾದ ಕವಚ ನಿಧಾನವಾಗಿ, ಬಿಸಿಯಾಗದೆ ಕೂರಲಿ. ಆಗ ಮಾತ್ರ ತೆರೆಯಿರಿ. ಹೌದು, ಇದರಿಂದ ಸ್ವಲ್ಪ ಆಮ್ಲಜನಕ ಸೇರುತ್ತದೆ. ಆದರೆ ಅದು ನೀವಾಗಿ ಅಳೆದು ಕೊಟ್ಟ ಆಮ್ಲಜನಕ. ಕೆಂಡವಾಗಿ ಹೊತ್ತಿದ ತುದಿಯ ಪುಡಿಯನ್ನು ಉಳಿದದ್ದರೊಡನೆ ಬೆರೆಸಿದ್ದೀರಾ? ಬೆರೆಸಿದ್ದರೆ ನಾನು ಮೇಲೆ ಹೇಳಿದ 4 ಶೇಕಡಾ ಡೈಆಕ್ಸೈಡ್ ಅಲ್ಲಿಂದಲೇ ಬಂದಿರಬಹುದು.

ಅಮೋನಿಯಾದ ಬಗ್ಗೆ ಒಂದೆರಡು ಮಾತು ಹೇಳದೆ ಈ ಪ್ರಯೋಗವನ್ನು ಮತ್ತೆ ಮಾಡಿ ಎನ್ನಲಾರೆ. ಮಲ್ಪೆಯ ಮೀನುಗಾರಿಕಾ ಬಂದರಿನ ಐಸ್ ಪ್ಲಾಂಟುಗಳ ಹತ್ತಿರ ಓಡಾಡಿದವರಿಗೆ ಅದರ ಘಾಟು ಗೊತ್ತು. ಗಾಳಿಯಲ್ಲಿ 15ರಿಂದ 28 ಶೇಕಡಾ ಬೆರೆತರೆ ಕಿಡಿಗೆ ಹೊತ್ತಿಕೊಳ್ಳುತ್ತದೆ. ಆದ್ದರಿಂದ ಆರಂಭದಲ್ಲೂ ಕೊನೆಯಲ್ಲೂ ಕೊಳವೆಯನ್ನು ಸಾರಜನಕದಿಂದ ತೊಳೆಯಲೇಬೇಕು. ಹಿತ್ತಾಳೆ, ತಾಮ್ರದ ಜೋಡಣೆಗಳನ್ನು ಅದು ತಿನ್ನುತ್ತದೆ, ಸ್ಟೀಲಿನವನ್ನೇ ಹಾಕಿಸಿ. ಹೊರಹೋಗುವ ಅನಿಲ ಸಾರರಿಕ್ತ ಗಂಧಕಾಮ್ಲದ ಬಾಟಲಿಗೆ ಹೋಗಲಿ. ಆದರೆ ಕುಲುಮೆಗೂ ಆ ಬಾಟಲಿಗೂ ನಡುವೆ ದೊಡ್ಡದೊಂದು ಖಾಲಿ ಬಾಟಲಿ ಇರಲೇಬೇಕು. ಅಮೋನಿಯಾ ನೀರಿನಲ್ಲಿ ಎಷ್ಟು ಬೇಗ ಕರಗುತ್ತದೆಂದರೆ, ಹರಿವು ಒಂದು ಗಳಿಗೆ ನಿಂತರೂ ದ್ರವ ಹಿಂದಕ್ಕೆ ಎಳೆದುಕೊಂಡು ಬಿಸಿ ಕೊಳವೆಯ ಕಡೆಗೆ ನುಗ್ಗುತ್ತದೆ. ನಮ್ಮಲ್ಲಿ ಮಳೆಗಾಲದಲ್ಲಿ ಕರೆಂಟು ಹೋಗುವುದು ನಿತ್ಯದ ಮಾತು, ಕುಲುಮೆ ತಣಿಯತೊಡಗಿದರೂ ಇದೇ ಅಪಾಯ. 900 ಡಿಗ್ರಿಯ ಕ್ವಾರ್ಟ್ಸ್ ಕೊಳವೆಗೆ ತಣ್ಣನೆಯ ಆಮ್ಲ ನುಗ್ಗಿದರೆ ಏನಾದೀತೆಂದು ಬೇರೆ ಹೇಳಬೇಕಿಲ್ಲ. ರಾತ್ರಿ ಒಬ್ಬರೇ ಇದ್ದು ಈ ಪ್ರಯೋಗ ಮಾಡಬೇಡಿ.

ಇಷ್ಟು ಶ್ರಮಪಟ್ಟು ಆಮ್ಲಜನಕವನ್ನು ಓಡಿಸಬೇಕೇ ಎಂಬುದು ನಿಮ್ಮ ಉದ್ದೇಶಕ್ಕೆ ಬಿಟ್ಟದ್ದು. ಸೂಪರ್‌ಕೆಪಾಸಿಟರಿನಲ್ಲಿ ಆಮ್ಲಜನಕ ಶತ್ರುವೇ ಆಗಬೇಕೆಂದಿಲ್ಲ. 2006ರಲ್ಲಿ ಸಂಶೋಧಕ ಪ್ರಶಾಂತ್ ಕುಮ್ಟಾ ಅವರ ತಂಡ ವನೇಡಿಯಂ ನೈಟ್ರೈಡ್ ನ್ಯಾನೊಹರಳುಗಳಲ್ಲಿ ಗ್ರಾಮಿಗೆ 1340 ಫ್ಯಾರಡ್ ಧಾರಣೆಯನ್ನು, ಅಂದರೆ ಆವೇಶ ಕೂಡಿಡುವ ಸಾಮರ್ಥ್ಯವನ್ನು, ವರದಿ ಮಾಡಿದಾಗ, ಅದಕ್ಕೆ ಕೊಟ್ಟ ವಿವರಣೆಯಲ್ಲಿ ಕಣದ ಮೈಮೇಲಿನ ತೆಳುವಾದ ಆಕ್ಸೈಡ್ ಪದರಕ್ಕೆ ಪ್ರಮುಖ ಪಾತ್ರವಿತ್ತು. ಒಳಗಿನ ನೈಟ್ರೈಡ್ ವಿದ್ಯುತ್ತನ್ನು ಹರಿಸುತ್ತದೆ, ಮೇಲಿನ ಆಕ್ಸೈಡ್ ಆವೇಶವನ್ನು ಹಿಡಿದು ಬಿಡುತ್ತದೆ. ಹಾಗಾಗಿ ಈಗಿನ ನಿಮ್ಮ ಪುಡಿಯನ್ನು ಎಸೆಯಬೇಡಿ, ‘ಟೈಟಾನಿಯಂ ನೈಟ್ರೈಡ್’ ಎಂಬ ಹೆಸರಿನಲ್ಲಿ ಪ್ರಕಟಿಸಲೂ ಬೇಡಿ. ಆಕ್ಸಿನೈಟ್ರೈಡ್ ಎಂದೇ ಕರೆದು, ಹೊಸದಾಗಿ ಮಾಡುವ ಶುದ್ಧ ಪುಡಿಯ ಪಕ್ಕದಲ್ಲಿಟ್ಟು ಎರಡರ ಧಾರಣೆಯನ್ನೂ ಅಳೆಯಿರಿ. ಆ ಹೋಲಿಕೆ ನಿಮ್ಮ ಪ್ರಬಂಧದ ಒಳ್ಳೆಯ ಅಧ್ಯಾಯವೇ ಆಗಬಲ್ಲದು.

ಅಲ್ಲಿಯವರೆಗೆ ಪುಡಿಯನ್ನು ಜೋಪಾನ ಮಾಡಿ. ನಮ್ಮ ಮನೆಗಳಲ್ಲಿ ಮೇ ತಿಂಗಳ ಬಿಸಿಲಿನಲ್ಲಿ ಒಣಗಿಸಿದ ಹಲಸಿನ ಹಪ್ಪಳವನ್ನು ಮಳೆ ಬರುವ ಮೊದಲೇ ಡಬ್ಬಿಗೆ ಹಾಕಿ ಮುಚ್ಚಳ ಬಿಗಿಯುತ್ತಾರಲ್ಲ, ಅದೇ ಎಚ್ಚರ ಇಲ್ಲೂ ಬೇಕು. ನಿರ್ವಾತದಲ್ಲಿ 120 ಡಿಗ್ರಿಗೆ ರಾತ್ರಿಯಿಡೀ ಒಣಗಿಸಿ, ಪೂರ್ತಿ ತಣಿದ ಮೇಲೆ ಅರ್ಧರ್ಧ ಗ್ರಾಮಿನ ಸಣ್ಣ ಬಾಟಲಿಗಳಲ್ಲಿ ಆರ್ಗಾನ್ ತುಂಬಿಸಿ ಮುಚ್ಚಿ. ಒಂದೇ ದೊಡ್ಡ ಬಾಟಲಿಯಾದರೆ ಪ್ರತಿಸಲ ತೆರೆದಾಗಲೂ ಉಳಿದದ್ದೆಲ್ಲ ತೇವ ಕುಡಿಯುತ್ತದೆ. ಬಾಟಲಿಯ ಮೇಲೆ ತಯಾರಿಸಿದ ದಿನ, ತೆರೆದ ದಿನ, ತೆರೆದಾಗ ಕುಲುಮೆಯ ಉಷ್ಣತೆ ಎಷ್ಟಿತ್ತೆಂಬುದನ್ನು ಬರೆದಿಡಿ. ಸಾರಜನಕದ ವರದಿ ಬಂದ ದಿನ ಆ ಚೀಟಿಯನ್ನೂ ಟಿಜಿಎಯ ಗೆರೆಯನ್ನೂ ಒಟ್ಟಿಗೆ ಹಿಡಿದು ನಿಮ್ಮ ಮಾರ್ಗದರ್ಶಕರ ಮುಂದೆ ಕುಳಿತುಕೊಳ್ಳಿ.